‘ಹೈ ಸಿ’ ಅಂದರೆ ಯಾವ ಸಿ? ಬ್ರಾಸ್ ವಾದ್ಯಗಳಲ್ಲಿ ಸ್ಥಾಯಿ ಹೇಳುವ ಬಗೆ

ಪಾರ್ಟ್_ಬರಹ
ಟ್ರಂಪೆಟ್, ಎಫ್ ಹಾರ್ನ್, ಟೆನರ್ ಹಾರ್ನ್, ಟ್ರೊಂಬೋನ್, ಯೂಫೋನಿಯಂ, ಇ ಫ್ಲಾಟ್ ಬಾಸ್, ದೊಡ್ಡ ಬಿ ಫ್ಲಾಟ್ ಬಾಸ್ ಎಲ್ಲ ಇರುವ ಮೇಳಕ್ಕೆ ಪಾರ್ಟ್ (ಒಂದೊಂದು ವಾದ್ಯಕ್ಕೂ ಬೇರೆಯಾಗಿ ಬರೆಯುವ ಸ್ವರದ ಹಾಳೆ) ಬರೆಯುವಾಗ ಸ್ಥಾಯಿಯ ಹೆಸರು ತಾಳೆಯಾಗುತ್ತಿಲ್ಲ. ಟ್ರಂಪೆಟ್‌ನವರ ‘ಮಿಡ್ಲ್ ಸಿ’ ಪಿಯಾನೋದವರ ‘ಮಿಡ್ಲ್ ಸಿ’ಗಿಂತ ಬೇರೆ. ಸಾಫ್ಟ್‌ವೇರ್ ಒಂದರಲ್ಲಿ ಅದೇ ಕೀಲಿಗೆ ಸಿ3, ಇನ್ನೊಂದರಲ್ಲಿ ಸಿ4. ಟ್ಯೂಬಾದವರು ‘ಡಬಲ್ ಬಿ ಫ್ಲಾಟ್’ ಅಂದರೆ ವಾದ್ಯವೋ ಸ್ವರವೋ? ಸಂದೇಶದಲ್ಲಿ ಒಂದು ಸ್ವರವನ್ನು ಅನುಮಾನಕ್ಕೆ ಎಡೆಯಿಲ್ಲದೆ ಹೇಳುವುದು ಹೇಗೆ?

ಮೂರು_ವಾಲ್ವ್
ಮೊದಲು ಅಂಕಿ ಪದ್ಧತಿ ಗಟ್ಟಿ ಮಾಡಿಕೊಳ್ಳಿ. ಪಿಯಾನೋ ನಡುವಿನ ಸಿ ಅಂದರೆ ಸಿ4, 261.63 ಹರ್ಟ್ಸ್. ಶ್ರುತಿ ಕೂಡಿಸುವ ಎ ಅಂದರೆ ಎ4, 440 ಹರ್ಟ್ಸ್. ಅಂಕಿ ಬದಲಾಗುವುದು ಸಿ ಬಳಿ, ಎ ಬಳಿ ಅಲ್ಲ. ಸಿ4ಗೆ ತಾಗಿಕೊಂಡು ಕೆಳಗಿರುವುದು ಬಿ3. ಅಕ್ಷರಮಾಲೆ ಎ ಇಂದ ಶುರುವಾಗುವುದರಿಂದ ಎ4, ಬಿ4, ಸಿ4 ಎಂದು ಒಂದೇ ಗುಂಪಿನಲ್ಲಿ ಏರಿಸಿ ಬರೆಯುವವರು ತುಂಬ ಜನ. ಅಲ್ಲಿಗೆ ಒಂದು ಸ್ಥಾಯಿ ಪೂರ್ತಿ ತಪ್ಪಿತು.

ಈಗ ಬಿ ಫ್ಲಾಟ್ ಟ್ರಂಪೆಟ್. ವಾಲ್ವ್ ಒತ್ತದೆ ಊದಿದರೆ ಸಿಗುವ ಬರೆದ ಸ್ವರಗಳು: ಸಿ4, ಜಿ4, ಸಿ5, ಇ5, ಜಿ5, ಆಮೇಲೆ ಶ್ರುತಿ ತೀರಾ ಇಳಿದ ಒಂದು ಬಿ ಫ್ಲಾಟ್5, ಅದರ ಮೇಲೆ ಸಿ6. ವಾದಕರ ಬಾಯಲ್ಲಿ ಸಿ4 ‘ಲೋ ಸಿ’, ಸಿ5 ‘ಮಿಡ್ಲ್ ಸಿ’, ಸಿ6 ‘ಹೈ ಸಿ’, ಸಿ7 ‘ಡಬಲ್ ಹೈ ಸಿ’. ಸ್ಟಾಫ್‌ನ (ಸ್ವರ ಬರೆಯುವ ಐದು ಗೆರೆಗಳ) ಮೂರನೇ ಸಂದಿನಲ್ಲಿ ಕೂತು, ದಿನನಿತ್ಯ ಬಳಸುವ ಎರಡು ಸ್ಥಾಯಿಗಳ ನಟ್ಟನಡುವೆ ಬರುವುದರಿಂದ ಸಿ5ಗೆ ಆ ಹೆಸರು. ಅವರ ಲೆಕ್ಕದಲ್ಲಿ ಅದು ಸರಿಯೇ. ಪಿಯಾನೋದವರ ಮಿಡ್ಲ್ ಸಿ ಇವರ ಕಾಗದದಲ್ಲಿ ಲೋ ಸಿ ಇರುವ ಗೆರೆಯ ಮೇಲೆ ಇರುತ್ತದೆ.

ಇದರ ಮೇಲೆ ಇನ್ನೊಂದು ಪದರ ಇದೆ. ಬರೆದ ಸಿ4 ಕಿವಿಗೆ ಬೀಳುವುದು ಬಿ ಫ್ಲಾಟ್3 ಆಗಿ, 233.08 ಹರ್ಟ್ಸ್. ಆದ್ದರಿಂದ ‘ಸಿ4’ ಎಂದು ಅಂಕಿ ಹಾಕಿದರೂ ಕೆಲಸ ಮುಗಿಯಲಿಲ್ಲ. ಬರೆದದ್ದೋ ಕೇಳುವುದೋ ಎಂಬ ಮಾತೂ ಜೊತೆಗೇ ಬೇಕು.

ಸ್ಲೈಡ್_ಏಳು
ಟ್ರೊಂಬೋನ್ ವಾದಕರಿಗೆ ಆ ಎರಡನೇ ಪದರ ಸಾಮಾನ್ಯವಾಗಿ ಇಲ್ಲ. ಬಾಸ್ ಕ್ಲೆಫ್‌ನಲ್ಲಿ (ಕ್ಲೆಫ್ ಅಂದರೆ ಸ್ಟಾಫ್‌ನ ಯಾವ ಗೆರೆ ಯಾವ ಸ್ವರ ಎಂದು ಹೇಳುವ ಗುರುತು) ಕೇಳುವುದನ್ನೇ ಬರೆಯುತ್ತಾರೆ. ಮೊದಲನೇ ಸ್ಥಾನದಲ್ಲಿ (ಪೂರ್ತಿ ಒಳಗೆ) ಸ್ಲೈಡ್ ಇಟ್ಟರೆ ಪೆಡಲ್ (ಕೊಳವೆಯ ತೀರಾ ತಳದ ಸ್ವರ) ಬಿ ಫ್ಲಾಟ್1, ಅದರ ಮೇಲೆ ಬಿ ಫ್ಲಾಟ್2 (ಲೋ), ಎಫ್3, ಬಿ ಫ್ಲಾಟ್3 (ಟ್ಯೂನಿಂಗ್ ನೋಟ್), ಡಿ4, ಎಫ್4, ಬಿ ಫ್ಲಾಟ್4 (ಹೈ). ಅವರ ಟ್ಯೂನಿಂಗ್ ಬಿ ಫ್ಲಾಟ್ ಮತ್ತು ಟ್ರಂಪೆಟ್‌ನ ಲೋ ಸಿ ಒಂದೇ ಶ್ರುತಿ, ಒಂದೇ ಸ್ಥಾಯಿ. ಒಬ್ಬರಿಗೆ ನಡು, ಇನ್ನೊಬ್ಬರಿಗೆ ತಳ. ಹಾಗಾಗಿ ‘ಲೋ’, ‘ಹೈ’ ಎಂಬ ಮಾತು ವಾದ್ಯದ ಒಳಗಿನ ವಿಳಾಸ. ಮೇಳಕ್ಕೆಲ್ಲ ಅನ್ವಯಿಸುವ ವಿಳಾಸ ಅಲ್ಲ.

ಪಾರ್ಟ್_ಬರಹ ಅವರಿಗೆ ಕೆಳಸ್ಥಾಯಿಯಲ್ಲಿ ಒಂದು ಎಚ್ಚರಿಕೆ. ಎಫ್ ಅಟ್ಯಾಚ್‌ಮೆಂಟ್ (ವಾಲ್ವ್ ಒತ್ತಿ ಸೇರಿಸುವ ಹೆಚ್ಚುವರಿ ಕೊಳವೆ) ಇಲ್ಲದ ಟೆನರ್ ಟ್ರೊಂಬೋನ್ ಏಳನೇ ಸ್ಥಾನದಲ್ಲಿ ಇ2ಗೆ ನಿಲ್ಲುತ್ತದೆ. ಇ ಫ್ಲಾಟ್2, ಡಿ2, ಡಿ ಫ್ಲಾಟ್2, ಸಿ2, ಬಿ1 ಐದೂ ಇಲ್ಲ. ಆಮೇಲೆ ಬಿ ಫ್ಲಾಟ್1ರಿಂದ ಪೆಡಲ್ ಸ್ವರಗಳು. ಅಟ್ಯಾಚ್‌ಮೆಂಟ್ ಇದ್ದರೆ ಸಿ2ವರೆಗೆ ಇಳಿಯಬಹುದು, ಬಿ1 ಮಾತ್ರ ಸ್ಲೈಡ್‌ನ ಉದ್ದ ಸಾಲದೆ ತಪ್ಪಿಹೋಗುತ್ತದೆ. ಅಟ್ಯಾಚ್‌ಮೆಂಟ್‌ನ ಟ್ಯೂನಿಂಗ್ ಸ್ಲೈಡನ್ನು ಇ ಶ್ರುತಿಗೆ ಎಳೆದುಕೊಂಡರೆ ಅಥವಾ ಎರಡನೇ ವಾಲ್ವ್ ಇರುವ ಬಾಸ್ ಟ್ರೊಂಬೋನ್ ಆದರೆ ಅದೂ ಸಿಗುತ್ತದೆ. ‘ಲೋ ಡಿ’ ಅಂತ ಮಾತ್ರ ಬರೆದರೆ ಡಿ3 ಅಂದುಕೊಳ್ಳುವವರೂ ಇದ್ದಾರೆ, ಡಿ2 ಅಂದುಕೊಳ್ಳುವವರೂ ಇದ್ದಾರೆ. ಮೊದಲನೆಯದು ಎಲ್ಲ ಟ್ರೊಂಬೋನಿನಲ್ಲೂ ಬರುತ್ತದೆ, ಎರಡನೆಯದು ಬರುವುದಿಲ್ಲ.

ಸ್ವರಲಿಪಿ_ಓದು
ನಮ್ಮ ಸ್ಥಾಯಿ ಹೆಸರುಗಳನ್ನೇ ಬಳಸಿದರೆ ಆಗದೇ? ಅನುಮಂದ್ರ, ಮಂದ್ರ, ಮಧ್ಯ, ತಾರ, ಅತಿತಾರ. ಸ್ವರದ ಕೆಳಗೆ ಚುಕ್ಕಿ ಇಟ್ಟರೆ ಮಂದ್ರ, ಮೇಲೆ ಇಟ್ಟರೆ ತಾರ. ಕನ್ನಡದಲ್ಲಿ ಬರೆಯುವುದಕ್ಕೂ ಸುಲಭ.

ಮೂರು_ವಾಲ್ವ್
ಮೇಡಂ, ಒಂದೇ ವಾದ್ಯದ ಒಳಗೆ ಅದು ಚೆನ್ನಾಗಿ ಕೂರುತ್ತದೆ. ಟ್ರಂಪೆಟ್‌ನ ಲೋ, ಮಿಡ್ಲ್, ಹೈ ಅನ್ನುವುದೂ ನಮ್ಮ ಮಧ್ಯ, ತಾರ, ಅತಿತಾರದ ಹಾಗೇ ನಡೆಯುತ್ತದೆ. ಆದರೆ ನಮ್ಮ ಸ್ಥಾಯಿ ನಿಂತಿರುವುದು ಆಧಾರ ಷಡ್ಜದ ಮೇಲೆ, ಆ ಷಡ್ಜ ಹಾಡುವವರಿಗೆ ತಕ್ಕ ಹಾಗೆ ಜರುಗುತ್ತದೆ. ಹೆಣ್ಣುದನಿಯ ಮಧ್ಯಸ್ಥಾಯಿ ಷಡ್ಜ ಮತ್ತು ಗಂಡುದನಿಯ ಮಧ್ಯಸ್ಥಾಯಿ ಷಡ್ಜ ಒಂದೇ ಕಂಪನ ಸಂಖ್ಯೆ ಅಲ್ಲವಲ್ಲ. ಹಾಗೆಯೇ ಬಿ ಫ್ಲಾಟ್3 ಟ್ರಂಪೆಟ್‌ಗೆ ಮಧ್ಯ ಷಡ್ಜ ಆದರೆ ಟ್ರೊಂಬೋನ್‌ಗೆ ತಾರ ಷಡ್ಜ ಆದೀತು. ಏಳು ವಾದ್ಯದ ಮೇಳದಲ್ಲಿ ಏಳು ಮಧ್ಯಸ್ಥಾಯಿ ಹುಟ್ಟಿಕೊಳ್ಳುತ್ತವೆ.

ಯಕ್ಷಗಾನದಲ್ಲೂ ಹಾರ್ಮೋನಿಯಂ ಮನೆ ನೋಡಿ ‘ಕಪ್ಪು ಐದು’ ಅನ್ನುತ್ತಾರಲ್ಲ, ಅದು ಬಿ ಫ್ಲಾಟ್ ಎಂದು ಹೇಳುತ್ತದೆಯೇ ಹೊರತು ಯಾವ ಸ್ಥಾಯಿಯ ಬಿ ಫ್ಲಾಟ್ ಎಂದು ಹೇಳುವುದಿಲ್ಲ. ಶ್ರುತಿ ಹೇಳಲು ಅಷ್ಟು ಸಾಕು. ಪಾರ್ಟ್ ಬರೆಯಲು ಸಾಲದು.

ಹಳೇ_ಕಹಳೆ
ಸ್ಥಾಯಿಗೆ ವಾದ್ಯದೊಳಗಿನ ಹೆಸರು ಕೊಡುವುದು ಹಿತ್ತಾಳೆ ವಾದ್ಯದವರ ಬಹಳ ಹಳೆಯ ರೂಢಿ. ಮಾಂಟೆವರ್ಡಿಯ ‘ಓರ್ಫೆಯೋ’ ಮಾಂಟುವಾದಲ್ಲಿ 1607ರಲ್ಲಿ ಆಡಲ್ಪಟ್ಟಿತು. ಅದರ ಆರಂಭದ ಟೊಕಾಟಾದಲ್ಲಿ ಐದು ಸಾಲು: ಕ್ಲಾರಿನೊ, ಕ್ವಿಂಟಾ, ಆಲ್ಟೊ ಎ ಬಾಸೊ, ವುಲ್ಗಾನೊ, ಬಾಸೊ. ವಾಲ್ವ್ ಇಲ್ಲದ ತುತ್ತೂರಿ ಊದುವವರು ಅನುಸ್ವರಗಳ (ಹಾರ್ಮಾನಿಕ್, ಒಂದೇ ಉದ್ದದ ಕೊಳವೆಯಲ್ಲಿ ತುಟಿ ಬಿಗಿಮಾಡಿದಂತೆ ಒಂದರ ಮೇಲೊಂದು ಬರುವ ಸ್ವರಗಳು) ಸಾಲಿನಲ್ಲಿ ಯಾವ ಪಾಲನ್ನು ಹಿಡಿಯಬೇಕು ಎಂಬುದೇ ಆ ಹೆಸರುಗಳ ಅರ್ಥ. ವುಲ್ಗಾನೊ ಒಂದೇ ಜಿ ಹಿಡಿದು ನಿಲ್ಲುತ್ತದೆ, ಬಾಸೊ ಒಂದೇ ಸಿ. ಏರಿಳಿತವಿರುವ ಸಾಲು ಮೇಲಿನ ಕ್ಲಾರಿನೊಗೆ, ಏಕೆಂದರೆ ಎಂಟನೇ ಅನುಸ್ವರದಿಂದ ಮೇಲೆ ಮಾತ್ರ ಸ್ವರಗಳು ಒಂದರ ಪಕ್ಕ ಒಂದು ಸಿಗುತ್ತವೆ.

ಇನ್ನೂ ಒಂದು ಸಂಗತಿ ಈ ಚರ್ಚೆಗೆ ನೇರ ಸಂಬಂಧ. 1609ರ ಮುದ್ರಣದಲ್ಲಿ ಈ ಟೊಕಾಟಾ ಸಿ ಶ್ರುತಿಯಲ್ಲಿದೆ. ಆದರೆ ಮ್ಯೂಟ್ (ವಾದ್ಯದ ಬಾಯಿಗೆ ಸಿಕ್ಕಿಸುವ ಬಿರಡೆ) ಹಾಕಿ ನುಡಿಸುವುದಾದರೆ ಒಂದು ಸ್ವರದಷ್ಟು ಏರಿಸಬೇಕು ಎಂಬ ಸೂಚನೆಯನ್ನೂ ಅಲ್ಲೇ ಅಚ್ಚು ಹಾಕಿದ್ದಾರೆ. ಆಗಿನ ಮ್ಯೂಟ್ ತುತ್ತೂರಿಯ ಶ್ರುತಿಯನ್ನೇ ಎತ್ತುತ್ತಿತ್ತು. ಬರೆದದ್ದು ಬೇರೆ, ಕೇಳುವುದು ಬೇರೆ ಎಂಬ ತೊಡಕು ವಾಲ್ವ್‌ಗಿಂತ ಹಿಂದಿನದು.

ಸ್ವರಲಿಪಿ_ಓದು
ಆಧಾರ ಷಡ್ಜದ ಮಾತು ಒಪ್ಪಿದೆ. ಹೆಲ್ಮ್‌ಹೋಲ್ಟ್ಸ್ ಪದ್ಧತಿ ಎಂದು ಪುಸ್ತಕಗಳಲ್ಲಿ ಬರುತ್ತದಲ್ಲ, ಅದು?

ಮೂರು_ವಾಲ್ವ್
ಅದರಲ್ಲಿ ಸಿ2 ಇಂದ ಬಿ2 ತನಕ ದೊಡ್ಡಕ್ಷರ, ಸಿ3 ಇಂದ ಬಿ3 ತನಕ ಸಣ್ಣಕ್ಷರ. ಸಿ4 ಸ್ಥಾಯಿಗೆ ಸಣ್ಣಕ್ಷರದ ತಲೆಯ ಮೇಲೆ ಒಂದು ಗೀಟು, ಸಿ5ಕ್ಕೆ ಎರಡು, ಸಿ6ಕ್ಕೆ ಮೂರು. ಸಿ1ಕ್ಕೆ ದೊಡ್ಡಕ್ಷರದ ಕೆಳಗೆ ಗೀಟು. ಜರ್ಮನ್ ಪುಸ್ತಕ ಓದುವಾಗ ಬೇಕೇ ಬೇಕು. ಆದರೆ ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೂ ಸಾಲಿನ ಮೊದಲ ಅಕ್ಷರವನ್ನು ಫೋನ್ ತಾನೇ ದೊಡ್ಡದು ಮಾಡಿಬಿಡುತ್ತದೆ, ಅಲ್ಲಿಗೆ ಸ್ವರ ಒಂದು ಸ್ಥಾಯಿ ಕೆಳಗೆ ಬಿತ್ತು. ಸಂದೇಶಕ್ಕೆ ಅಂಕಿಯೇ ವಾಸಿ.

ಜರ್ಮನ್ ಪಾರ್ಟ್ ಕೈಗೆ ಬಂದರೆ ಇದನ್ನೂ ನೆನಪಿಡಿ: ಅಲ್ಲಿ ‘ಬಿ’ ಅಂದರೆ ಬಿ ಫ್ಲಾಟ್, ನಮ್ಮ ಬಿ ಅವರಿಗೆ ‘ಹೆಚ್’. ‘ಟ್ರೊಂಪೆಟೆ ಇನ್ ಬಿ’ ಎಂದಿದ್ದರೆ ಮಾಮೂಲಿ ಬಿ ಫ್ಲಾಟ್ ಟ್ರಂಪೆಟ್. ‘ಹಾರ್ನ್ ಇನ್ ಹೆಚ್’ ಎಂದಿದ್ದರೆ ಬಿ ನ್ಯಾಚುರಲ್. ಫ್ರೆಂಚರ ಅಂಕಿ ಇನ್ನೂ ಬೇರೆ, ಅವರಲ್ಲಿ ನಡುವಿನ ಸಿ ‘ದೊ3’, 440ರ ಎ ‘ಲಾ3’.

ಕಂಪ್ಯೂಟರ್_ಸ್ವರ
ಸಾಫ್ಟ್‌ವೇರ್ ಪ್ರಶ್ನೆಗೆ ಉತ್ತರ. ಮಿಡಿಯಲ್ಲಿ (ಎಲೆಕ್ಟ್ರಾನಿಕ್ ವಾದ್ಯ, ಕಂಪ್ಯೂಟರ್ ನಡುವಿನ ಸಂಕೇತ ಪದ್ಧತಿ) ಸ್ವರದ ಗುರುತು ಬರೀ ಸಂಖ್ಯೆ. ಪಿಯಾನೋ ನಡುವಿನ ಸಿ 60, 440ರ ಎ 69. ಇದರಲ್ಲಿ ಗೊಂದಲವೇ ಇಲ್ಲ. 60ಕ್ಕೆ ಯಾವ ಹೆಸರು ತೋರಿಸಬೇಕು ಎಂಬುದು ತಯಾರಕರ ಆಯ್ಕೆ. ಯಮಾಹಾ ಅದನ್ನು ಸಿ3 ಎಂದು ಕರೆಯುತ್ತದೆ, ರೋಲ್ಯಾಂಡ್ ಸಿ4 ಎಂದು.

ಪರೀಕ್ಷೆ ಸುಲಭ: ಕೀಬೋರ್ಡ್‌ನಲ್ಲಿ ಒಂದೊಂದಾಗಿ ಎ ಒತ್ತಿ, ಪಕ್ಕದಲ್ಲಿ ಟ್ಯೂನರ್ ಇಡಿ. 440 ತೋರಿಸಿದ ಎಗೆ ಸಾಫ್ಟ್‌ವೇರ್ ಎ4 ಎಂದರೆ ನಮ್ಮ ಲೆಕ್ಕ, ಎ3 ಎಂದರೆ ಎಲ್ಲದಕ್ಕೂ ಒಂದು ಕೂಡಿಸಿ ಓದಿ. ಆಕ್ಟೇವ್ ಬಟನ್ ಸೊನ್ನೆಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಪರೀಕ್ಷೆಯೇ ತಪ್ಪು ಉತ್ತರ ಕೊಡುತ್ತದೆ. ಟ್ಯೂನರ್ ಆ್ಯಪ್‌ನಲ್ಲಿ ಬಿ ಫ್ಲಾಟ್ ಎಂಬ ಟ್ರಾನ್ಸ್‌ಪೋಸ್ ಆಯ್ಕೆ ಆನ್ ಆಗಿದ್ದರೂ ಹೆಸರು ಮಾತ್ರ ಬದಲಾಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಅನುಮಾನ ಬಂದಾಗ ಹರ್ಟ್ಸ್ ನೋಡಿ.

ತಳದ_ದನಿ
ಟ್ಯೂಬಾ ಪ್ರಶ್ನೆ ಬಾಕಿ ಉಳಿದಿದೆ. ‘ಡಬಲ್ ಬಿ ಫ್ಲಾಟ್’ ವಾದ್ಯದ ಹೆಸರು, ಸ್ವರದ ಹೆಸರಲ್ಲ. ಯೂಫೋನಿಯಂ ಕೂಡ ಬಿ ಫ್ಲಾಟ್ ವಾದ್ಯವೇ, ಅದರ ಕೊಳವೆ ಸುಮಾರು 2.7 ಮೀಟರ್. ದೊಡ್ಡ ಟ್ಯೂಬಾದ್ದು ಅದರ ಇಮ್ಮಡಿ, ಸುಮಾರು 5.5 ಮೀಟರ್, ಹಾಗಾಗಿ ಒಂದು ಸ್ಥಾಯಿ ಕೆಳಗೆ. ಅದನ್ನು ತೋರಿಸಲು ಅಕ್ಷರವನ್ನು ಇಮ್ಮಡಿಸಿದರು. ಇಲ್ಲಿಯವರೆಗೆ ಸರಿ. ಆದರೆ ‘ಡಬಲ್ ಇ ಫ್ಲಾಟ್’ ಎಂದು ಮಾರುವ ಟ್ಯೂಬಾ ‘ಇ ಫ್ಲಾಟ್’ ಟ್ಯೂಬಾಗಿಂತ ಒಂದು ಸ್ಥಾಯಿ ಕೆಳಗೆ ಇರುವುದಿಲ್ಲ. ಎರಡೂ ಒಂದೇ ಉದ್ದ, ಒಂದೇ ಶ್ರುತಿ. ಅಲ್ಲಿ ಇಮ್ಮಡಿ ಅಕ್ಷರ ಹೇಳುವುದು ಕೊಳವೆಯ ಬಾಯಗಲ ಹೆಚ್ಚು ಎಂಬುದನ್ನು. ಕ್ಯಾಟಲಾಗ್ ನೋಡಿ ಸ್ಥಾಯಿ ಲೆಕ್ಕ ಹಾಕಬೇಡಿ.

ಬ್ರಿಟಿಷ್ ಬ್ರಾಸ್ ಬ್ಯಾಂಡ್ ಬರಹವನ್ನೂ ತಿಳಿದಿರಬೇಕು. ಅಲ್ಲಿ ಬಾಸ್ ಟ್ರೊಂಬೋನ್ ಒಂದನ್ನು ಬಿಟ್ಟು ಊದುವ ಎಲ್ಲ ವಾದ್ಯಕ್ಕೂ ಟ್ರೆಬಲ್ ಕ್ಲೆಫ್. ಬರೆದ ಸಿ4 ಯಾವ ವಾಲ್ವ್ ವಾದ್ಯದಲ್ಲೂ ವಾಲ್ವ್ ಒತ್ತದೆ ಬರುವ ಎರಡನೇ ಅನುಸ್ವರ. ಸೊಪ್ರಾನೊ ಕಾರ್ನೆಟ್‌ನಲ್ಲಿ ಅದು ಇ ಫ್ಲಾಟ್4, ಕಾರ್ನೆಟ್‌ನಲ್ಲಿ ಬಿ ಫ್ಲಾಟ್3, ಟೆನರ್ ಹಾರ್ನ್‌ನಲ್ಲಿ ಇ ಫ್ಲಾಟ್3, ಯೂಫೋನಿಯಂನಲ್ಲಿ ಬಿ ಫ್ಲಾಟ್2, ಇ ಫ್ಲಾಟ್ ಬಾಸ್‌ನಲ್ಲಿ ಇ ಫ್ಲಾಟ್2, ದೊಡ್ಡ ಬಾಸ್‌ನಲ್ಲಿ ಬಿ ಫ್ಲಾಟ್1. ಬೆರಳು ಒಂದೇ, ಕಾಗದ ಒಂದೇ, ಕೇಳುವುದು ಆರು ಬೇರೆ ಎತ್ತರ. ಒಬ್ಬರು ಕಾರ್ನೆಟ್ ಬಿಟ್ಟು ಬಾಸ್ ಹಿಡಿದರೂ ಬೆರಳು ಹೊಸದಾಗಿ ಕಲಿಯಬೇಕಿಲ್ಲ, ಅದೇ ಇದರ ದೊಡ್ಡ ಲಾಭ. ಪಾರ್ಟ್ ಬರೆಯುವವರಿಗೆ ಇದೇ ಬಲೆ. ದೊಡ್ಡ ಬಾಸ್‌ನ ‘ಲೋ ಸಿ’ ಕಾರ್ನೆಟ್‌ನ ‘ಲೋ ಸಿ’ಗಿಂತ ಎರಡು ಸ್ಥಾಯಿ ಕೆಳಗೆ.

ಸ್ಲೈಡ್_ಏಳು
ಆ ಟ್ರೆಬಲ್ ಕ್ಲೆಫ್ ಪಾರ್ಟ್ ಟ್ರೊಂಬೋನ್‌ನವರ ಕೈಗೆ ಬಂದಾಗ ಒಂದು ಓದು ಇದೆ. ಬಿ ಫ್ಲಾಟ್ ಟ್ರೆಬಲ್ ಕ್ಲೆಫ್ ಪಾರ್ಟನ್ನು ಟೆನರ್ ಕ್ಲೆಫ್ ಎಂದು ತಿಳಿದು ಎರಡು ಫ್ಲಾಟ್ ಸೇರಿಸಿ ಓದಿದರೆ ಕೇಳುವ ಸ್ವರವೇ ಸಿಗುತ್ತದೆ, ಸ್ಥಾಯಿಯೂ ಸರಿ. ನಾಲ್ಕನೇ ಗೆರೆ ಟ್ರೆಬಲ್‌ನಲ್ಲಿ ಡಿ5, ಟೆನರ್‌ನಲ್ಲಿ ಸಿ4. ಡಿ5 ಬರೆದರೆ ಯೂಫೋನಿಯಂನಲ್ಲಿ ಕೇಳುವುದೂ ಸಿ4. ಹಾಗೇ ಇ ಫ್ಲಾಟ್ ಬಾಸ್ ಪಾರ್ಟನ್ನು ಬಾಸ್ ಕ್ಲೆಫ್ ಎಂದು ತಿಳಿದು ಮೂರು ಫ್ಲಾಟ್ ಸೇರಿಸಿ. ನಡುವೆ ಬರುವ ಶಾರ್ಪ್, ಫ್ಲಾಟ್, ನ್ಯಾಚುರಲ್ ಗುರುತುಗಳನ್ನು ಮಾತ್ರ ಒಂದೊಂದಾಗಿ ಯೋಚಿಸಬೇಕು, ಅವು ಹಾಗೇ ಉಳಿಯುವುದಿಲ್ಲ.

ಎಫ್_ಹಾರ್ನ್
ಹಾರ್ನ್ ಯಾರೂ ಮುಟ್ಟಲಿಲ್ಲ. ಎಫ್ ಹಾರ್ನ್‌ನಲ್ಲಿ ಬರೆದದ್ದಕ್ಕಿಂತ ಐದನೇ ಸ್ವರದಷ್ಟು ಕೆಳಗೆ ಕೇಳುತ್ತದೆ. ಬರೆದ ಸಿ4 ಅಂದರೆ ಎಫ್3, 174.61 ಹರ್ಟ್ಸ್. ಟ್ರಂಪೆಟ್‌ನಲ್ಲಿ ಬರೆದ ಸಿ4 ಎರಡನೇ ಅನುಸ್ವರ, ಹಾರ್ನ್‌ನಲ್ಲಿ ಅದು ನಾಲ್ಕನೆಯದು. ಹಾರ್ನ್‌ನ ಕೊಳವೆ ಸುಮಾರು 3.7 ಮೀಟರ್ ಉದ್ದ ಇದ್ದೂ ಅಷ್ಟು ಮೇಲೆ ನುಡಿಸುತ್ತಾರೆ. ಬರೆದ ಸಿ5 ಎಂಟನೆಯದು, ಸಿ6 ಹದಿನಾರನೆಯದು. ಎಂಟರಿಂದ ಮೇಲೆ ಅನುಸ್ವರಗಳು ಒಂದು ಸ್ವರದ ಅಂತರದಲ್ಲೇ ಇರುವುದರಿಂದ ತುಟಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಪಕ್ಕದ ಸ್ವರಕ್ಕೆ ಜಾರುತ್ತದೆ. ಅದಕ್ಕೇ ಎರಡು ಕೊಳವೆ ಇರುವ ಡಬಲ್ ಹಾರ್ನ್‌ನಲ್ಲಿ ಬರೆದ ಜಿ ಶಾರ್ಪ್4ರ ಆಸುಪಾಸಿನಿಂದ ಹೆಬ್ಬೆರಳಿನ ವಾಲ್ವ್‌ನಿಂದ ಗಿಡ್ಡ ಬಿ ಫ್ಲಾಟ್ ಕೊಳವೆಗೆ ದಾಟುತ್ತಾರೆ.

ಸ್ಥಾಯಿ ತಪ್ಪುವುದು ಹಳೆಯ ಪಾರ್ಟ್‌ಗಳ ಬಾಸ್ ಕ್ಲೆಫ್‌ನಲ್ಲಿ. ಹಳೆಯ ರೂಢಿಯಲ್ಲಿ ಬಾಸ್ ಕ್ಲೆಫ್‌ಗೆ ಬಂದ ಕೂಡಲೇ ಬರೆದದ್ದಕ್ಕಿಂತ ನಾಲ್ಕನೇ ಸ್ವರದಷ್ಟು ಮೇಲೆ ಕೇಳಬೇಕು, ಹೊಸ ರೂಢಿಯಲ್ಲಿ ಐದನೇ ಸ್ವರದಷ್ಟು ಕೆಳಗೆ. ಎರಡರ ನಡುವೆ ಸರಿಯಾಗಿ ಒಂದು ಸ್ಥಾಯಿ ವ್ಯತ್ಯಾಸ. ಪತ್ತೆ ಹೀಗೆ: ಕ್ಲೆಫ್ ಬದಲಾದ ಕಡೆ ರಾಗದ ಓಟ ಕಾರಣವಿಲ್ಲದೆ ಒಂದು ಸ್ಥಾಯಿ ಧುಮುಕಿದರೆ, ಅಥವಾ ಸ್ಟಾಫ್‌ನ ಕೆಳಗೆ ಲೆಡ್ಜರ್ (ಹೆಚ್ಚುವರಿ ಚಿಕ್ಕ) ಗೆರೆಗಳ ಮೇಲೆ ಸ್ವರಗಳು ನೇತಾಡುತ್ತಿದ್ದರೆ, ಅದು ಹಳೆಯ ರೂಢಿ. ಬಾಸ್ ಕ್ಲೆಫ್‌ನಲ್ಲಿ ಬರೆದ ಸಿ2 ಹಳೆಯ ರೂಢಿಯಲ್ಲಿ ಎಫ್2, ಆರಾಮಾಗಿ ಬರುವ ಸ್ವರ. ಹೊಸ ರೂಢಿಯಲ್ಲಿ ಅದೇ ಎಫ್1, ಪೆಡಲ್. ನೀವು ಬರೆಯುವಾಗ ಹೊಸದನ್ನೇ ಬಳಸಿ, ಪಾರ್ಟ್‌ನ ಮೊದಲ ಪುಟದಲ್ಲಿ ಹಾಗೆಂದು ಒಂದು ಸಾಲು ಹಾಕಿ.

ಪಾರ್ಟ್_ಬರಹ
ಎಲ್ಲರಿಗೂ ಧನ್ಯವಾದ. ಅಭ್ಯಾಸದಲ್ಲಿ ‘ಡಿ ಶ್ರುತಿ ಸರಿಯಿಲ್ಲ’ ಎಂದು ಹೇಳುವಾಗಲೂ ಸ್ಥಾಯಿ ಹೇಳಬೇಕೇ? ಎಲ್ಲ ಡಿಗೂ ಬೆರಳು ಒಂದೇ ಅಲ್ಲವೇ?

ಮೂರು_ವಾಲ್ವ್
ಒಂದೇ ಅಲ್ಲ, ಅಲ್ಲೇ ಸ್ಥಾಯಿ ಹೇಳುವುದು ಎಲ್ಲಕ್ಕಿಂತ ಮುಖ್ಯ. ಟ್ರಂಪೆಟ್‌ನಲ್ಲಿ ಬರೆದ ಡಿ4ಗೆ ಒಂದು ಮತ್ತು ಮೂರನೇ ವಾಲ್ವ್. ಒಂದನೇ ವಾಲ್ವ್‌ನ ಕೊಳವೆಯನ್ನು ಬರಿಯ ವಾದ್ಯದ ಉದ್ದಕ್ಕೆ ಅಳೆದು ಮಾಡಿರುತ್ತಾರೆ. ಮೂರನೆಯದೂ ಸೇರಿದಾಗ ವಾದ್ಯವೇ ಉದ್ದವಾಗಿದೆ, ಒಂದು ಪೂರ್ತಿ ಸ್ವರ ಇಳಿಸಲು ಇನ್ನಷ್ಟು ಕೊಳವೆ ಬೇಕು, ಅಷ್ಟಿಲ್ಲ. ಅದಕ್ಕೆ ಡಿ4 ಏರುತ್ತದೆ, ಮೂರೂ ಒತ್ತುವ ಸಿ ಶಾರ್ಪ್4 ಅದಕ್ಕಿಂತ ಹೆಚ್ಚು ಏರುತ್ತದೆ. ಪರಿಹಾರ: ಮೂರನೇ ಸ್ಲೈಡ್‌ನ ಉಂಗುರ ಹಿಡಿದು ಹೊರಕ್ಕೆ ತಳ್ಳುವುದು, ಸಿ ಶಾರ್ಪ್4ಗೆ ಇನ್ನೂ ದೂರ.

ಡಿ5ಕ್ಕೆ ಒಂದನೇ ವಾಲ್ವ್ ಮಾತ್ರ. ಅದು ಐದನೇ ಅನುಸ್ವರ, ಪ್ರಕೃತಿಯಲ್ಲೇ ಸುಮಾರು 14 ಸೆಂಟ್ ಇಳಿದಿರುತ್ತದೆ (ಅರ್ಧಸ್ವರ ಅಂದರೆ 100 ಸೆಂಟ್). ಒಂದು ಡಿ ಏರುತ್ತದೆ, ಇನ್ನೊಂದು ಡಿ ಇಳಿಯುತ್ತದೆ. ‘ನಿಮ್ಮ ಡಿ ಇಳಿಸಿ’ ಎಂದು ಸುಮ್ಮನೆ ಹೇಳಿದರೆ ಡಿ5 ನುಡಿಸುತ್ತಿರುವವರು ಇಳಿದದ್ದನ್ನು ಇನ್ನೂ ಇಳಿಸುತ್ತಾರೆ. ಇ ಫ್ಲಾಟ್5, ಇ5 ಕೂಡ ಐದನೇ ಅನುಸ್ವರದವೇ. ದೀರ್ಘವಾಗಿ ಹಿಡಿಯುವ ಇ5ಕ್ಕೆ ಒಂದು ಮತ್ತು ಎರಡು ಒತ್ತಿದರೆ ಅದು ಆರನೇ ಅನುಸ್ವರವಾಗಿ ಬರುತ್ತದೆ, ಇಳಿತ ಇರುವುದಿಲ್ಲ. ಮೇಲೆ ಹೇಳಿದ ಬಿ ಫ್ಲಾಟ್5 ಏಳನೆಯದು, 31 ಸೆಂಟ್ ಕೆಳಗೆ. ಅದನ್ನು ವಾಲ್ವ್ ಒತ್ತದೆ ನುಡಿಸುವುದು ಬೇಡವೇ ಬೇಡ, ಒಂದನೇ ವಾಲ್ವ್ ಒತ್ತಿ.

ಸ್ಲೈಡ್_ಏಳು
ಟ್ರೊಂಬೋನ್‌ನಲ್ಲಿ ಅದೇ ಐದನೇ ಅನುಸ್ವರ ಡಿ4. ಮೊದಲನೇ ಸ್ಥಾನದಲ್ಲಿ ಸ್ಲೈಡ್ ಪೂರ್ತಿ ಒಳಗಿದ್ದರೆ ಇನ್ನು ಒಳಕ್ಕೆ ತಳ್ಳಲು ಜಾಗವಿಲ್ಲ. ಅದಕ್ಕೆ ಕೆಲವರು ಬಿ ಫ್ಲಾಟ್3ಅನ್ನು ಸ್ಲೈಡ್ ಕೊಂಚ ಹೊರಗಿಟ್ಟೇ ಶ್ರುತಿ ಕೂಡಿಸುತ್ತಾರೆ, ಆಗ ಡಿ4ಗೆ ಒಳಕ್ಕೆ ಬರಲು ಜಾಗ ಸಿಗುತ್ತದೆ. ಇಲ್ಲವೇ ಡಿ4ಅನ್ನು ನಾಲ್ಕನೇ ಸ್ಥಾನದಲ್ಲಿ ಹಿಡಿಯಿರಿ. ಡಿ3 ಕೂಡ ನಾಲ್ಕನೇ ಸ್ಥಾನದ್ದೇ, ಅದಕ್ಕೆ ಈ ತೊಂದರೆ ಇಲ್ಲ. ಜಿ4 ಎರಡನೇ ಸ್ಥಾನದಲ್ಲಿ ಏಳನೇ ಅನುಸ್ವರ. ಮಾಮೂಲಿ ಎರಡಕ್ಕಿಂತ ಸಾಕಷ್ಟು ಒಳಗೆ ಹಿಡಿಯಬೇಕು.

ಹಳೇ_ಕಹಳೆ
ಪೆಡಲ್ ಬಗ್ಗೆ ಒಂದು ಮಾತು. ಟ್ರಂಪೆಟ್‌ನ ಬರೆದ ಸಿ3 ಲೆಕ್ಕದಲ್ಲಿ ಮೊದಲನೇ ಅನುಸ್ವರ. ಆದರೆ ಗಂಟೆಯಾಕಾರದ ಬಾಯಿ ಮತ್ತು ಮೌತ್‌ಪೀಸ್ ಸೇರಿ ಮೇಲಿನ ಅನುರಣನಗಳನ್ನು ಸಾಲಾಗಿ ಕೂರಿಸಿದರೂ ಎಲ್ಲಕ್ಕಿಂತ ಕೆಳಗಿನ ಅನುರಣನ ಆ ಸಾಲಿಗೆ ಸೇರುವುದಿಲ್ಲ, ಇನ್ನೂ ಕೆಳಗೆ ಬೀಳುತ್ತದೆ. ಪೆಡಲ್ ಸ್ವರ ನಿಲ್ಲುವುದು ಮೇಲಿನ ಅನುಸ್ವರಗಳ ಆಸರೆಯಿಂದ. ಟ್ರಂಪೆಟ್‌ನಲ್ಲಿ ಅದು ಸಡಿಲ, ಟ್ರೊಂಬೋನ್‌ನಲ್ಲಿ ಗಟ್ಟಿ. ಟ್ರಂಪೆಟ್ ಪಾರ್ಟ್‌ನಲ್ಲಿ ಬರೆದ ಎಫ್ ಶಾರ್ಪ್3ಗಿಂತ ಕೆಳಗೆ ಬರೆಯಬೇಡಿ.

ತಳದ_ದನಿ
ಮೇಲಿನ ತುದಿಯಲ್ಲೂ ಒಂದು ಜಗಳವಿದೆ, ಅದು ತೀರುವುದಿಲ್ಲ. ಹೈ ಸಿ ಮೇಲಿನ ಜಿ, ಅಂದರೆ ಬರೆದ ಜಿ6, ಕೆಲವರಿಗೆ ‘ಹೈ ಜಿ’, ಜಾಝ್ ಲೀಡ್ ಟ್ರಂಪೆಟ್‌ನವರಲ್ಲಿ ಹಲವರಿಗೆ ‘ಡಬಲ್ ಜಿ’. ಮೊದಲಿನವರು ಸಿಯಿಂದ ಸಿಗೆ ಎಣಿಸುತ್ತಾರೆ, ಎರಡನೆಯವರು ಸ್ಟಾಫ್ ಮೇಲಿನ ಜಿ5ಅನ್ನೇ ಹೈ ಎಂದು ಹಿಡಿದು ಎಣಿಸುತ್ತಾರೆ. ವಾದ ಮಾಡುವ ಬದಲು ಬರೆದ ಜಿ6 ಎಂದುಬಿಡಿ.

ಪಾರ್ಟ್_ಬರಹ
ಹಾಗಾದರೆ ಮೇಳ ಶ್ರುತಿ ಕೂಡಿಸಲು ಹೀಗೆ ಕಳಿಸುತ್ತೇನೆ, ತಪ್ಪಿದ್ದರೆ ತಿದ್ದಿ:

‘ಎಲ್ಲರೂ ಕೇಳುವ ಬಿ ಫ್ಲಾಟ್3, 233 ಹರ್ಟ್ಸ್. ನಿಮ್ಮ ಕಾಗದದಲ್ಲಿ: ಟ್ರಂಪೆಟ್ ಸಿ4. ಎಫ್ ಹಾರ್ನ್ ಎಫ್4. ಟೆನರ್ ಹಾರ್ನ್ ಜಿ4. ಟ್ರೊಂಬೋನ್ ಬಾಸ್ ಕ್ಲೆಫ್ ಬಿ ಫ್ಲಾಟ್3. ಯೂಫೋನಿಯಂ ಟ್ರೆಬಲ್ ಕ್ಲೆಫ್ ಸಿ5, ಬಾಸ್ ಕ್ಲೆಫ್ ಬಿ ಫ್ಲಾಟ್3. ಇ ಫ್ಲಾಟ್ ಬಾಸ್ ಜಿ5. ದೊಡ್ಡ ಬಾಸ್ ಸಿ6.’

ತಳದ_ದನಿ
ಲೆಕ್ಕ ಎಲ್ಲ ಸರಿ ಇದೆ ಸರ್. ಆದರೆ ಬಾಸ್‌ಗಳಿಗೆ ಆ ಸ್ಥಾಯಿ ಕೊಡಬೇಡಿ. ದೊಡ್ಡ ಬಾಸ್‌ಗೆ ಬರೆದ ಸಿ6 ಅಂದರೆ ಎಂಟನೇ ಅನುಸ್ವರ, ತುಟಿ ಹಿಂಡಿ ಹಿಡಿಯಬೇಕು, ಹಾಗೆ ಹಿಡಿದ ಸ್ವರದ ಮೇಲೆ ಶ್ರುತಿ ಕೂಡಿಸಿದರೆ ಕೆಳಗೆ ಬಂದಾಗ ಎಲ್ಲ ಆಚೀಚೆ. ದೊಡ್ಡ ಬಾಸ್‌ಗೆ ಬರೆದ ಸಿ5 ಕೊಡಿ, ಕೇಳುವುದು ಬಿ ಫ್ಲಾಟ್2. ಇ ಫ್ಲಾಟ್ ಬಾಸ್‌ಗೆ ಅದೇ ಶ್ರುತಿ ಬರೆದ ಜಿ4, ವಾಲ್ವ್ ಒತ್ತದೆ ಬರುತ್ತದೆ. ಇನ್ನೂ ಒಂದು ಸ್ಥಾಯಿ ಕೆಳಗೆ, ಬರೆದ ಜಿ3ಕ್ಕೆ ಹೋಗಬೇಡಿ; ಮೂರೇ ವಾಲ್ವ್ ಇರುವ ಬಾಸ್‌ನಲ್ಲಿ ಅದಕ್ಕೆ ಒಂದು ಮತ್ತು ಮೂರು ಒತ್ತಬೇಕು, ಮೇಲೆ ಹೇಳಿದ ಡಿ4 ಹಾಗೆಯೇ ಏರುತ್ತದೆ. ನಾಲ್ಕನೇ ವಾಲ್ವ್ ಇದ್ದವರು ಅದೊಂದನ್ನೇ ಒತ್ತಿದರೆ ಸರಿಹೋಗುತ್ತದೆ, ಆದರೆ ಶ್ರುತಿ ಕೂಡಿಸುವ ಸ್ವರ ಎಲ್ಲರಿಗೂ ವಾಲ್ವ್ ಇಲ್ಲದೆ ಬರುವುದೇ ಒಳ್ಳೆಯದು.

ಎಫ್_ಹಾರ್ನ್
ಆ ಲೆಕ್ಕದಲ್ಲಿ ಹಾರ್ನ್‌ಗೂ ಒಂದು ತಿದ್ದುಪಡಿ. ಬರೆದ ಎಫ್4ಗೆ ಎಫ್ ಕೊಳವೆಯಲ್ಲಿ ಒಂದನೇ ವಾಲ್ವ್ ಬೇಕು, ಬಿ ಫ್ಲಾಟ್ ಕೊಳವೆಯಲ್ಲಿ ಬೇಡ. ಡಬಲ್ ಹಾರ್ನ್ ಇದ್ದವರು ಬಿ ಫ್ಲಾಟ್ ಕಡೆ ಇದೇ ಸ್ವರದಲ್ಲಿ ಕೂಡಿಸಲಿ. ಆಮೇಲೆ ಎಫ್ ಕಡೆಗೆ ಬರೆದ ಸಿ5, ಅಂದರೆ ಕೇಳುವ ಎಫ್4 ಬೇರೆಯಾಗಿ ಕೊಡಿ. ಎರಡು ಕೊಳವೆಗೂ ಟ್ಯೂನಿಂಗ್ ಸ್ಲೈಡ್ ಬೇರೆ ಬೇರೆ, ಒಂದನ್ನು ಕೂಡಿಸಿದರೆ ಇನ್ನೊಂದು ತಾನಾಗಿ ಕೂಡುವುದಿಲ್ಲ.

ಪಾರ್ಟ್_ಬರಹ
ತಿದ್ದಿದೆ. ಬಾಸ್‌ಗಳಿಗೆ ಕೇಳುವ ಬಿ ಫ್ಲಾಟ್2: ದೊಡ್ಡ ಬಾಸ್ ಸಿ5, ಇ ಫ್ಲಾಟ್ ಬಾಸ್ ಜಿ4. ಹಾರ್ನ್‌ಗೆ ಎರಡು ಸಾಲು: ಬಿ ಫ್ಲಾಟ್ ಕಡೆ ಎಫ್4, ಎಫ್ ಕಡೆ ಸಿ5. ಪ್ರತಿ ಸಾಲಿನ ಮೊದಲಿಗೆ ‘ಬರೆದ’ ಅಥವಾ ‘ಕೇಳುವ’ ಎಂದು ಸೇರಿಸಿದ್ದೇನೆ.